ಮನೆಕೆಲಸಕ್ಕೆ ಸಂಬಳ ಕೊಟ್ಟ ಜಪಾನಿನ ಗಂಡ

"ಪ್ರೀತಿ ಇದ್ದಲ್ಲಿ ಲೆಕ್ಕ ಇರಬಾರದು" ಅನ್ನೋ ಮಾತನ್ನ ನಾವೆಲ್ಲ ಎಷ್ಟು ಸಲ ಕೇಳಿಲ್ಲ ಹೇಳಿ? ಮದುವೆ ಮನೆಯಲ್ಲಿ ಹಿರಿಯರು ಹೇಳ್ತಾರೆ. ಧಾರಾವಾಹಿಯ ಅತ್ತೆ ಒಳ್ಳೆಯವಳಾಗುವ ಎಪಿಸೋಡಿನಲ್ಲಿ ಹೇಳ್ತಾಳೆ. ಜಾಗ ಪಾಲಾಗುವಾಗ ಹೆಚ್ಚು ಸಿಕ್ಕಿದ ಅಣ್ಣ ಕಡಿಮೆ ಸಿಕ್ಕಿದ ತಮ್ಮನ ಹೆಗಲ ಮೇಲೆ ಕೈ ಹಾಕಿ ಹೇಳ್ತಾನೆ. ಈ ಕೊನೆಯದನ್ನ ಸ್ವಲ್ಪ ಗಮನಿಸಿ. ಮಾತೇನೋ ಚೆಂದದ್ದೇ. ಆದ್ರೆ ಅದನ್ನ ಯಾರು ಯಾರಿಗೆ ಹೇಳ್ತಿದ್ದಾರೆ ಅನ್ನೋದರ ಮೇಲೆ ಅದರ ಅರ್ಥ ಪೂರ್ತಿ ತಿರುಗಿ ಹೋಗ್ತದೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಯಾವ ತತ್ವಶಾಸ್ತ್ರದ ಪುಸ್ತಕದಿಂದಲೂ ಅಲ್ಲ, ಜಪಾನಿನ ಟಿವಿ ಧಾರಾವಾಹಿಗಳಿಂದ. ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನ ರೂಮು ಬಿಟ್ಟು ಊರಿಗೆ ಬಂದು, ಬೆಳ್ತಂಗಡಿ ತಾಲೂಕಿನ ನಮ್ಮ ಹಳ್ಳಿಮನೆಯ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡ್ತಿದ್ದ ದಿನಗಳವು. ಹಗಲಿಡೀ ನೆಟ್‌ವರ್ಕಿನ ಜೊತೆ ಗುದ್ದಾಟ. ರಾತ್ರಿ ಊಟ ಆದ ಮೇಲೆ ಡೌನ್‌ಲೋಡ್ ಮಾಡಿಟ್ಟ ಒಂದೊಂದು ಎಪಿಸೋಡ್ ನೋಡೋದು. ಅಲ್ಲಿಂದ ಹಿಡಿದ ಚಾಳಿ ಇನ್ನೂ ಬಿಟ್ಟಿಲ್ಲ.

ನೀವು ನೋಡದೇ ಇದ್ದರೆ ಒಂದು ಮಾತು ಹೇಳಿಬಿಡ್ತೇನೆ. ಅಲ್ಲಿನ ಧಾರಾವಾಹಿ ನಮ್ಮಲ್ಲಿಯ ಹಾಗೆ ಸಾವಿರ ಕಂತು ಓಡುವುದಿಲ್ಲ. ಸಾಮಾನ್ಯವಾಗಿ ವಾರಕ್ಕೊಂದು ಕಂತು, ಒಟ್ಟು ಹತ್ತೋ ಹನ್ನೊಂದೋ. ಮೂರು ತಿಂಗಳಲ್ಲಿ ಕಥೆ ಮುಗೀತದೆ, ಎಲ್ಲರೂ ಮನೆಗೆ. ಹಾಗಾಗಿ ವಿಷ ಬೆರೆಸಿದ ಪಾಯಸ, ಸತ್ತು ಬದುಕಿ ಬಂದ ಗಂಡ, ಮೂರು ಸಲ ತಿರುಗುವ ಕ್ಯಾಮೆರಾ ಇದಕ್ಕೆಲ್ಲ ಜಾಗ ಇಲ್ಲ. ಅಡುಗೆ ಮಾಡೋದು, ಪಾತ್ರೆ ತೊಳೆಯೋದು, ರೈಲಿಗೆ ಕಾಯೋದು, ಹೇಳಬೇಕಾದ್ದನ್ನ ಹೇಳದೇ ಮನೆಗೆ ವಾಪಸ್ ಬರೋದು. ಅರ್ಧ ಕಥೆ ಇಷ್ಟರಲ್ಲೇ ಇರ್ತದೆ. ಪ್ರೀತಿಯನ್ನ ಬಾಯಿಬಿಟ್ಟು ಹೇಳಲಿಕ್ಕೆ ಅವರಿಗೂ ನಮ್ಮ ಹಾಗೆ ನಾಚಿಕೆ. ನಮ್ಮ ಊರ ಕಡೆ ಯಾವ ಗಂಡಸಾದರೂ ಹೆಂಡತಿಗೆ "ನೀನಂದ್ರೆ ನನಗೆ ಇಷ್ಟ" ಅಂದದ್ದನ್ನ ಕೇಳಿದವರು ಇದ್ದಾರಾ? "ಊಟ ಆಯ್ತಾ?" ಅನ್ನೋದರಲ್ಲೇ ಎಲ್ಲವೂ ಮುಗೀತದೆ. ಆ ವಿಷಯದಲ್ಲಿ ತೋಕಿಯೋ ನಮಗೆ ಬೆಂಗಳೂರಿಗಿಂತ ಹತ್ತಿರ.

ಒಂದು ವ್ಯತ್ಯಾಸ ಮಾತ್ರ ಮೊದಲ ದಿನವೇ ಕಣ್ಣಿಗೆ ಬಿತ್ತು. ಊಟ ಶುರು ಮಾಡುವ ಮೊದಲು ಅವರು ಕೈಮುಗಿದು "ಇತಾದಾಕಿಮಾಸು" ಅಂತಾರೆ, ಅಂದ್ರೆ ಹೆಚ್ಚುಕಮ್ಮಿ "ವಿನಯದಿಂದ ಸ್ವೀಕರಿಸ್ತೇನೆ" ಅಂತ. ಮುಗಿದ ಮೇಲೆ "ಗೊಚಿಸೋಸಮಾ", ಉಣಬಡಿಸಿದ್ದಕ್ಕೆ ಉಪಕಾರ. ಗಂಡ ಹೆಂಡತಿಗೆ, ಮಗ ಅಮ್ಮನಿಗೆ, ಒಬ್ಬಳೇ ಕೂತು ಉಂಡವಳು ಖಾಲಿ ಬಟ್ಟಲಿಗೆ. ನಮ್ಮಲ್ಲಿ? ಕನ್ನಡದ "ಧನ್ಯವಾದ" ಆಗಲಿ, ತುಳುವಿನ "ಸೊಲ್ಮೆಲು" ಆಗಲಿ ವೇದಿಕೆಗೆ ಸೇರಿದ ಶಬ್ದಗಳು. ಅಡುಗೆಮನೆಯಲ್ಲಿ ಅದನ್ನ ಹೇಳಿದ್ರೆ "ಎಂತ ಮಾರಾಯ, ಹುಷಾರಿಲ್ವಾ?" ಅಂತ ಕೇಳ್ಯಾರು. ಮನೆಯವರಿಗೆ ಉಪಚಾರ ಯಾಕೆ ಅನ್ನೋದು ನಮ್ಮ ವಾದ. ಇರಲಿ, ಆ ವಾದಕ್ಕೆ ಮತ್ತೆ ಬರ್ತೇನೆ.

ನಾನು ಹೇಳಹೊರಟ ಧಾರಾವಾಹಿ 2016ರ ಅಕ್ಟೋಬರಿನಿಂದ ಡಿಸೆಂಬರಿನ ತನಕ ಟಿಬಿಎಸ್ ಚಾನೆಲ್ಲಿನಲ್ಲಿ ಬಂದದ್ದು, 11 ಕಂತು. ತ್ಸುನಾಮಿ ಉಮಿನೊ ಎಂಬ ಲೇಖಕಿಯ ಮಾಂಗಾ ಚಿತ್ರಕಥೆ ಅದರ ಮೂಲ. ಇಂಗ್ಲಿಷಿನಲ್ಲಿ "ವಿ ಮ್ಯಾರೀಡ್ ಆ್ಯಸ್ ಎ ಜಾಬ್" ಅಂತ ಕರೀತಾರೆ. ಜಪಾನೀ ಹೆಸರು ಒಂದು ಹಂಗೇರಿಯನ್ ಗಾದೆಯದ್ದು: ಓಡಿಹೋಗೋದು ನಾಚಿಕೆಗೇಡು, ಆದ್ರೆ ಉಪಯೋಗಕ್ಕೆ ಬರ್ತದೆ ಅಂತ ಅರ್ಥ.

ಕಥೆ ಸರಳ. ಮಿಕುರಿ ಅಂತ ಒಬ್ಬಳು ಹುಡುಗಿ. ಮನಃಶಾಸ್ತ್ರದಲ್ಲಿ ಮಾಸ್ಟರ್ಸ್ ಮಾಡಿದ್ದಾಳೆ, ಕೆಲಸ ಮಾತ್ರ ಇಲ್ಲ. ಗುತ್ತಿಗೆ ಕೆಲಸ ಒಂದಿತ್ತು, ಅದೂ ಹೋಯ್ತು. ಹಿರಾಮಸ ಅಂತ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. (ಹೌದು, ಅದಕ್ಕೇ ನಾನು ಮೊದಲು ಕುತೂಹಲದಿಂದ ನೋಡಲಿಕ್ಕೆ ಕೂತದ್ದು.) ಮೂವತ್ತು ದಾಟಿದೆ, ಮದುವೆ ಆಗಿಲ್ಲ, ಹುಡುಗಿಯರ ಜೊತೆ ಮಾತಾಡಲಿಕ್ಕೆ ಬರುವುದಿಲ್ಲ, ಬಟ್ಟೆ ಮಾತ್ರ ನೀಟಾಗಿ ಮಡಚಿಡ್ತಾನೆ. ವಾರಕ್ಕೊಮ್ಮೆ ಅವನ ಫ್ಲ್ಯಾಟ್ ಕ್ಲೀನ್ ಮಾಡ್ಲಿಕ್ಕೆ ಅವಳು ಬರ್ತಾಳೆ. ಅಷ್ಟರಲ್ಲಿ ಅವಳ ಅಪ್ಪ ಅಮ್ಮ ಪೇಟೆ ಬಿಟ್ಟು ಹಳ್ಳಿಗೆ ಹೊರಡ್ತಾರೆ. ಅವಳಿಗೆ ಇರಲಿಕ್ಕೆ ಜಾಗ ಇಲ್ಲ, ಕೆಲಸವೂ ಬಿಡಬೇಕು. ಆಗ ಅವಳೇ ಒಂದು ಉಪಾಯ ಹೇಳ್ತಾಳೆ: ನನ್ನನ್ನ ಮದುವೆ ಆಗಿ, ಆದ್ರೆ ಕೆಲಸಕ್ಕೆ ಇಟ್ಟುಕೊಂಡ ಹಾಗೆ. ಊರಿನವರ ಕಣ್ಣಿಗೆ ಗಂಡ ಹೆಂಡತಿ, ಮನೆಯೊಳಗೆ ಮಾಲೀಕ ಮತ್ತು ನೌಕರಳು.

ಎಂಜಿನಿಯರ್ ಅಲ್ವಾ, ಅವನು ಕೂತು ಲೆಕ್ಕ ಹಾಕ್ತಾನೆ. ಪೂರ್ಣಾವಧಿ ಗೃಹಿಣಿಯ ಸಂಬಳವಿಲ್ಲದ ದುಡಿಮೆಗೆ ಜಪಾನ್ ಸರ್ಕಾರವೇ ಒಂದು ಬೆಲೆ ಅಂದಾಜು ಮಾಡಿತ್ತು, ವರ್ಷಕ್ಕೆ ಸುಮಾರು 30 ಲಕ್ಷ ಯೆನ್. ಅದರ ಆಧಾರದಲ್ಲಿ ತಿಂಗಳಿಗೆ 1 ಲಕ್ಷ 94 ಸಾವಿರ ಯೆನ್ ಸಂಬಳ. ಕೆಲಸದ ಹೊತ್ತು, ರಜೆ ಎಲ್ಲ ಕರಾರಿನಲ್ಲಿ ಉಂಟು. ಮುಂದಿನದ್ದು ನೀವು ಊಹಿಸಬಹುದು. ಇಬ್ಬರಿಗೂ ನಿಜವಾಗಿ ಪ್ರೀತಿ ಹುಟ್ತದೆ. ನಮ್ಮ ಸಿನಿಮಾ ಆಗಿದ್ರೆ ಕರಾರು ಪತ್ರ ಹರಿದು ಗಾಳಿಗೆ ಹಾರಿಸಿ ಅಲ್ಲಿಗೆ ಶುಭಂ.

ಇಲ್ಲಿ ಹಾಗಾಗುವುದಿಲ್ಲ. ಹತ್ತನೇ ಕಂತಿನಲ್ಲಿ ಅವನು ಮದುವೆಯನ್ನ ರಿಜಿಸ್ಟರ್ ಮಾಡಿಸುವ ಅಂತ ಕೇಳ್ತಾನೆ. ಆಗಷ್ಟೇ ಅವನ ಕೆಲಸ ಹೋಗುವ ಸುದ್ದಿ ಬಂದಿರ್ತದೆ. ಮತ್ತೂ ಒಂದು ಲೆಕ್ಕ ತೋರಿಸ್ತಾನೆ. ನಾವು ನಿಜವಾದ ಗಂಡ ಹೆಂಡತಿ ಆದ್ರೆ ನಿನಗೆ ಕೊಡುವ ಸಂಬಳ ಉಳೀತದೆ, ಆ ದುಡ್ಡನ್ನ ಮುಂದಕ್ಕೆ ಕೂಡಿಡಬಹುದು ಅಂತ. ಅವಳ ಮುಖ ಸಣ್ಣಗಾಗ್ತದೆ. ನಿನ್ನೆ ತನಕ ಸಂಬಳ ಕೊಟ್ಟ ಕೆಲಸ ನಾಳೆಯಿಂದ ಪುಕ್ಕಟೆ, ಕಾರಣ ನಾನು ನಿಮ್ಮನ್ನ ಪ್ರೀತಿಸ್ತೇನೆ ಅನ್ನೋದು, ಅಷ್ಟೇ ಅಲ್ವಾ? ಇದು ಪ್ರೀತಿಯ ಹೆಸರಿನ ಶೋಷಣೆ, ನಾನು ಒಪ್ಪುವುದಿಲ್ಲ ಅಂತ ಹೇಳಿಬಿಡ್ತಾಳೆ.

ಆ ರಾತ್ರಿ ಅಮ್ಮ ಪಕ್ಕದಲ್ಲಿ ಕೂತಿದ್ದರು. ಭಾಷೆ ಅರ್ಥ ಆಗದಿದ್ದರೂ "ಆ ಹುಡುಗಿ ಎಂತಕ್ಕೆ ಸಿಟ್ಟು ಮಾಡಿದ್ದು?" ಅಂತ ಕೇಳಿದ್ರು. ನಾನು ಕಥೆ ಹೇಳಿದೆ. ಮನೆಕೆಲಸಕ್ಕೆ ಸಂಬಳ ಅಂದ ಕೂಡಲೇ ಜೋರಾಗಿ ನಕ್ಕರು. "ಗಂಜಿ ಬೇಯಿಸಿದ್ದಕ್ಕೆಲ್ಲ ಯಾರು ಸಂಬಳ ಕೊಡುದು?" ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀಡಿದ್ದು ಮಾತ್ರ ನನ್ನ ದುಡ್ಡು" ಅಂದ್ರು.

ಕರಾವಳಿಯ ಹೊರಗಿನ ಓದುಗರಿಗೆ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಬೆಳ್ತಂಗಡಿ, ಬಂಟ್ವಾಳ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿಯೇ ಮಕ್ಕಳನ್ನ ಓದಿಸಿದ್ದು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತೂಕ ಮಾಡಿ ತರಬೇಕು. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಡ್ಪೆ ಮಡಿಲಲ್ಲಿಟ್ಟು ಒಂದೊಂದೇ ಸುರುಟಿ ನೂಲು ಕಟ್ಟಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಬ್ರಾಂಚಿನಲ್ಲಿ ಎಣಿಸಿ ತೆಗೆದುಕೊಳ್ತಾರೆ, ಸರಿ ಇಲ್ಲದ್ದನ್ನ ಬದಿಗೆ ಹಾಕ್ತಾರೆ, ಪುಸ್ತಕದಲ್ಲಿ ಬರೀತಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರು ಅಂತ ಒಪ್ಪಿತ್ತು. ಅಮ್ಮನಿಗೆ ಪಿಎಫ್ ಕೂಡ ಇತ್ತು. ಕೂಲಿ ಕಡಿಮೆ, ಬೆನ್ನುನೋವು, ಹೊಗೆಸೊಪ್ಪಿನ ಧೂಳು, ಯಾವುದನ್ನೂ ನಾನು ಇಲ್ಲಿ ಚೆಂದ ಮಾಡಿ ಹೇಳ್ತಾ ಇಲ್ಲ.

ಆದ್ರೆ ಒಂದು ದಿನದಲ್ಲಿ ಅಮ್ಮ ಮಾಡುವ ಕೆಲಸಗಳ ಪಟ್ಟಿ ಹಾಕಿ ನೋಡಿ. ಬೆಳಿಗ್ಗೆ ಹಟ್ಟಿ, ಹಾಲು, ತಿಂಡಿ. ಆಮೇಲೆ ಹುಲ್ಲು, ಅಡಿಕೆ ಹೆಕ್ಕೋದು, ಮಧ್ಯಾಹ್ನದ ಅಡುಗೆ. ಬಿಡುವಾದಾಗ ಬೀಡಿ. ಸಂಜೆ ಪುನಃ ಹಟ್ಟಿ. ರಾತ್ರಿ ಪಾತ್ರೆ ಮುಗಿದ ಮೇಲೆ ಪುನಃ ಬೀಡಿ. ಇದರಲ್ಲಿ ಹಾಲು ಸೊಸೈಟಿಯ ಪುಸ್ತಕ ಅಪ್ಪನ ಹೆಸರಲ್ಲಿ. ಅಡಿಕೆ ಚೀಟಿ ಅಪ್ಪನ ಹೆಸರಲ್ಲಿ. ಅಡಿಕೆ ಸುಲಿಯಲಿಕ್ಕೆ ಹೊರಗಿನಿಂದ ಜನ ಬಂದ್ರೆ ಕಿಲೋಗೆ ಇಷ್ಟು ಅಂತ ಕೂಲಿ, ಪಕ್ಕದಲ್ಲೇ ಕೂತು ಅಮ್ಮ ಸುಲಿದದ್ದಕ್ಕೆ ಇಲ್ಲ. ಅದೇ ಅಡಿಕೆ, ಅದೇ ಕತ್ತಿ. ಅಪ್ಪ ಕೆಟ್ಟವರು ಅಂತ ಅರ್ಥ ಅಲ್ಲ. ಅವರು ಅಮ್ಮನ ಮೇಲೆ ಕೈ ಎತ್ತಿದವರಲ್ಲ, ಕುಡಿದವರಲ್ಲ, ತಾವೂ ಮೈಮುರಿದು ದುಡಿದವರು. ಒಳ್ಳೆಯವರ ಮನೆಯ ಲೆಕ್ಕವೇ ಹೀಗೆ ಇರ್ತದೆ ಅನ್ನೋದು ನನ್ನ ಮಾತು.

ಆ ಬೀಡಿ ದುಡ್ಡನ್ನ ಅಮ್ಮ ಬಿಸ್ಕಿಟಿನ ಡಬ್ಬಿಯಲ್ಲಿ ಇಡ್ತಿದ್ದರು. ತಂಗಿಗೆ ಕಿವಿಯೋಲೆ ಆದದ್ದು, ನನ್ನ ಬಿಇ ಮೊದಲ ವರ್ಷದ ಹಾಸ್ಟೆಲ್ ಫೀಸಿಗೆ ಕಡಿಮೆ ಬಿದ್ದದ್ದು ಸೇರಿದ್ದು, ತವರಿನ ಕೋಲಕ್ಕೆ ಹೋಗುವಾಗ ತೆಂಗಿನಕಾಯಿ ಜೊತೆ ನೂರು ರೂಪಾಯಿ ಇಟ್ಟದ್ದು ಎಲ್ಲ ಆ ಡಬ್ಬಿಯಿಂದ. ಇದನ್ನ ಅವರು ಈಗಲೂ ಹೇಳ್ತಾರೆ, ಸ್ವಲ್ಪ ಹೆಮ್ಮೆಯಿಂದಲೇ. "ನಾನು ಕೊಟ್ಟದ್ದು" ಅಂತ. ಮೂವತ್ತೈದು ವರ್ಷ ಬೇಯಿಸಿ ಹಾಕಿದ ಗಂಜಿಯನ್ನ "ನಾನು ಕೊಟ್ಟದ್ದು" ಅಂತ ಒಂದು ದಿನವೂ ಅಂದದ್ದು ನಾನು ಕೇಳಿಲ್ಲ. ಗಂಜಿ ದೊಡ್ಡದೋ ಹಾಸ್ಟೆಲ್ ಫೀಸು ದೊಡ್ಡದೋ ಅಂತ ಕೇಳಿದ್ರೆ ಉತ್ತರ ಹೇಳಬೇಕಾಗಿಲ್ಲ. ಆದ್ರೂ ಒಂದು ದಾನ, ಇನ್ನೊಂದು ಮಳೆ ಬಂದ ಹಾಗೆ ಸುಮ್ಮನೆ ಬಂದದ್ದು.

ಇಲ್ಲೇ ನನಗೆ ಆ ಗಾದೆಯಂಥ ಮಾತು ತಲೆಕೆಳಗಾಗಿ ಕಾಣಿಸಿದ್ದು. ಲೆಕ್ಕ ಬಂದ್ರೆ ಪ್ರೀತಿ ಹೋಗ್ತದೆ ಅಂತ ನಾವು ಹೇಳೋದು. ಆದ್ರೆ ಅಮ್ಮನ ವಿಷಯದಲ್ಲಿ ಎಲ್ಲಿ ಲೆಕ್ಕ ಇತ್ತೋ ಅಲ್ಲಿ ಮಾತ್ರ ಅವರ ಪ್ರೀತಿ ಪ್ರೀತಿಯಾಗಿ ಕಣ್ಣಿಗೆ ಬಿತ್ತು. ಯಾಕಂದ್ರೆ ನನ್ನದು ಅಂತ ಇದ್ದದ್ದನ್ನ ಮಾತ್ರ ಕೊಡಲಿಕ್ಕೆ ಆಗ್ತದೆ. ನನ್ನದು ಅಂತ ಯಾರೂ ಒಪ್ಪದೇ ಇದ್ದದ್ದನ್ನ ಕೊಟ್ಟರೆ ಅದು ಕೊಟ್ಟದ್ದು ಅಂತಲೇ ಆಗುವುದಿಲ್ಲ. ತಗೊಂಡವರಿಗೆ ತಗೊಂಡದ್ದು ಗೊತ್ತೇ ಆಗುವುದಿಲ್ಲ.

ದೇಶದ ಮಟ್ಟದಲ್ಲೂ ಕಥೆ ಇದೇ. 2019ರಲ್ಲಿ ಕೇಂದ್ರ ಸರ್ಕಾರ ಜನ ದಿನದ ಹೊತ್ತನ್ನ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ದರು, ಗಂಡಸರು 97 ನಿಮಿಷ. ಆ 97 ಕೂಡ ಮನೆಕೆಲಸ ಮಾಡುವ ಗಂಡಸರ ಸರಾಸರಿ, ಮಾಡದೇ ಇರುವವರದ್ದು ಸೇರಿಲ್ಲ. ನಮ್ಮ ಕಾನೂನು ಈ ದುಡಿಮೆಗೆ ರೂಪಾಯಿಯಲ್ಲಿ ಬೆಲೆ ಕಟ್ಟೋದು ಯಾವಾಗ ಗೊತ್ತಾ? ಆಕ್ಸಿಡೆಂಟಿನಲ್ಲಿ ಗೃಹಿಣಿ ತೀರಿಕೊಂಡಾಗ, ಪರಿಹಾರ ಲೆಕ್ಕ ಹಾಕಲಿಕ್ಕೆ. 2001ರಲ್ಲಿ ಲತಾ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಸೇವೆಯನ್ನ ತಿಂಗಳಿಗೆ 3000 ರೂಪಾಯಿ ಅಂತ ಅಂದಾಜು ಮಾಡಿತು. 2021ರ ಜನವರಿಯಲ್ಲಿ ಇನ್ನೊಂದು ತೀರ್ಪಿನಲ್ಲಿ ಮೇಲೆ ಹೇಳಿದ ಸಮೀಕ್ಷೆಯನ್ನೇ ಉಲ್ಲೇಖಿಸಿ, ಗೃಹಿಣಿಗೆ ಆದಾಯ ಇಲ್ಲ, ಅವಳು ದುಡಿಯುವುದಿಲ್ಲ ಅನ್ನುವ ಕಲ್ಪನೆ ತಪ್ಪು ಅಂತ ಸ್ಪಷ್ಟವಾಗಿ ಹೇಳಿತು. ಒಳ್ಳೆಯದೇ. ಆದ್ರೆ ಸತ್ತ ಮೇಲೆ ತೆರೆಯುವ ಲೆಕ್ಕದ ಪುಸ್ತಕ ಬದುಕಿದ್ದಾಗ ಯಾಕೆ ತೆರೆಯಬಾರದು?

ಕರ್ನಾಟಕದಲ್ಲಿ 2023ರ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಯೋಜನೆ ಶುರುವಾಯ್ತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ರಾಜಕೀಯ ಇಲ್ಲಿ ಬೇಡ. ಅದು ಸಂಬಳವೂ ಅಲ್ಲ, ನೆರವು. ನನಗೆ ಕುತೂಹಲ ಆದದ್ದು ನಮ್ಮೂರ ಅಂಗಡಿ ಜಗಲಿಯ ಮಾತು. "ಮನೆಯಲ್ಲಿ ಸುಮ್ಮನೆ ಕೂತವರಿಗೆ ಎಂತಕ್ಕೆ ದುಡ್ಡು?" ಅಂತ ಕೇಳಿದವರು ಇದ್ದರು. ಕೇಳಿದವರು ಕೂತಿದ್ದದ್ದು ಅಂಗಡಿ ಜಗಲಿಯಲ್ಲಿ, ಮಧ್ಯಾಹ್ನ ಹನ್ನೊಂದು ಗಂಟೆಗೆ. ಇದು ಅಳಿಯಕಟ್ಟಿನ ನಾಡು ಬೇರೆ. ಇಲ್ಲಿನ ಎಷ್ಟೋ ಸಮುದಾಯಗಳಲ್ಲಿ ಬಳಿ, ಕುಟುಂಬ ಎಲ್ಲ ತಾಯಿಯ ಕಡೆಯಿಂದ ಬರೋದು. ಹಿರಿಯ ಹೆಂಗಸೇ ಕುಟುಂಬದ ಯಜಮಾನ್ತಿ ಆಗುವುದೂ ಇತ್ತು. ಹೆಸರು ಹೆಣ್ಣಿನದ್ದೇ ಆದ ಊರಲ್ಲೂ ದುಡಿಮೆಯ ಲೆಕ್ಕ ಹೆಣ್ಣಿನ ಹೆಸರಿಗೆ ಬರಲಿಲ್ಲ ಅಂದ್ರೆ, ಗೌರವ ಬೇರೆ ಲೆಕ್ಕ ಬೇರೆ ಅಂತಾಯ್ತು. ಜಪಾನೂ ಹೊರತಲ್ಲ. ಅಷ್ಟು ನಯವಾಗಿ "ಗೊಚಿಸೋಸಮಾ" ಅನ್ನುವ ಆ ದೇಶದ ಗಂಡಸರು 2016ರಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಕೊಡ್ತಿದ್ದ ಹೊತ್ತು ದಿನಕ್ಕೆ ಸುಮಾರು 40 ನಿಮಿಷ, ಹೆಂಗಸರು ಅದರ ಐದು ಪಟ್ಟು. ಉಪಕಾರ ಅನ್ನೋದು ಒಂದು ಸಣ್ಣ ರಸೀದಿ. ರಸೀದಿ ಇಲ್ಲದ್ದಕ್ಕಿಂತ ಇದ್ದದ್ದು ಮೇಲು, ಆದ್ರೆ ರಸೀದಿಯೇ ಹಣ ಅಲ್ಲ.

ಇಷ್ಟು ಹೇಳಿದ ಮೇಲೆ ಎದುರು ವಾದ ಬಂದೇ ಬರ್ತದೆ. ಎಲ್ಲದಕ್ಕೂ ಲೆಕ್ಕ ಇಟ್ಟರೆ ಮನೆ ಹೋಟೆಲ್ ಆಗುವುದಿಲ್ವಾ? ಇದು ತಳ್ಳಿಹಾಕುವ ಮಾತಲ್ಲ. ಜಪಾನಿನದ್ದೇ ಇನ್ನೊಂದು ಧಾರಾವಾಹಿ ಇದಕ್ಕೆ ಸಾಕ್ಷಿ ಹೇಳ್ತದೆ. 1983ರ ಏಪ್ರಿಲಿನಿಂದ ಒಂದು ವರ್ಷ ಎನ್‌ಎಚ್‌ಕೆಯಲ್ಲಿ ದಿನಾ ಬೆಳಿಗ್ಗೆ ಕಾಲು ಗಂಟೆ ಬರ್ತಿದ್ದ "ಓಶಿನ್". ಸುಗಾಕೊ ಹಾಶಿದಾ ಬರೆದದ್ದು, 297 ಕಂತು, ಆಮೇಲೆ ಅರುವತ್ತಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರ ಆಯ್ತು. ಅದರಲ್ಲಿ ಏಳು ವರ್ಷದ ಹುಡುಗಿ ಓಶಿನ್‌ಳನ್ನ ಬಡ ಅಪ್ಪ ಮರದ ವ್ಯಾಪಾರಿಯ ಮನೆಗೆ ಒಂದು ವರ್ಷದ ಚಾಕರಿಗೆ ಕಳಿಸ್ತಾನೆ. ಬದಲಿಗೆ ಸಿಗೋದು ಒಂದು ಮೂಟೆ ಅಕ್ಕಿ. ಹಿಮ ಬಿದ್ದ ನದಿಯಲ್ಲಿ ಅವಳು ತೆಪ್ಪದಲ್ಲಿ ಹೋಗುವಾಗ ಅದೇ ಅಪ್ಪ ದಡದಲ್ಲಿ ಅವಳ ಹೆಸರು ಕೂಗ್ತಾ ಓಡುವ ದೃಶ್ಯ ನೋಡಿ ಗಂಟಲು ಕಟ್ಟದವರು ಇರಲಿಕ್ಕಿಲ್ಲ. ಅಲ್ಲಿ ಪ್ರೀತಿಯೂ ಇತ್ತು, ಲೆಕ್ಕವೂ ಇತ್ತು. ಹಾಗಾದ್ರೆ ಲೆಕ್ಕ ಒಳ್ಳೆಯದು ಹೇಗೆ?

ನೋಡಿ, ಓಶಿನ್ ದುಡಿಮೆಗೆ ಬೆಲೆ ಕಟ್ಟಿದವರು ಅವಳಲ್ಲ. ಅಕ್ಕಿ ಹೋದದ್ದು ಅವಳ ಕೈಗಲ್ಲ. ಲೆಕ್ಕ ಇತ್ತು, ಆದ್ರೆ ಅದು ಅವಳ ಬಗ್ಗೆ ಇತ್ತು, ಅವಳದ್ದಾಗಿ ಇರಲಿಲ್ಲ. ಮಿಕುರಿಯ ಸಂಬಳ ಅವಳೇ ಕೂತು ಮಾತಾಡಿ ಒಪ್ಪಿದ್ದು. ಅಮ್ಮನ ಬೀಡಿ ಡಬ್ಬಿಯ ಮುಚ್ಚಳ ತೆಗೆಯೋದು ಅಮ್ಮ ಮಾತ್ರ. ವ್ಯತ್ಯಾಸ ಇರೋದು ದುಡ್ಡಿನಲ್ಲಿ ಅಲ್ಲ, ಪುಸ್ತಕ ಯಾರ ಕೈಯಲ್ಲಿ ಉಂಟು ಅನ್ನೋದರಲ್ಲಿ.

ಹೋಟೆಲಿನ ಭಯಕ್ಕೂ ಆ ಜಪಾನಿನ ಜೋಡಿ ಒಂದು ಉತ್ತರ ಕೊಡ್ತದೆ. ಕೊನೆಯ ಕಂತಿನಲ್ಲಿ ಅವರು ಮಾಲೀಕ-ನೌಕರಳು ಅನ್ನೋದನ್ನ ಬಿಟ್ಟು, ಈ ಮನೆ ಎಂಬ ಕಂಪನಿಗೆ ನಾವಿಬ್ಬರೂ ಜಂಟಿ ಮುಖ್ಯಸ್ಥರು ಅಂತ ತೀರ್ಮಾನ ಮಾಡ್ತಾರೆ. ಮೀಟಿಂಗ್ ಮಾಡಿ ಕೆಲಸ ಹಂಚಿಕೊಳ್ತಾರೆ. ಅಲ್ಲಿಗೆ ಸುಖಾಂತ್ಯ ಅಂದುಕೊಂಡ್ರೆ, ಇಲ್ಲ. ಒಬ್ಬರು ಮರೀತಾರೆ, ಇನ್ನೊಬ್ಬರಿಗೆ ಸಿಡುಕು, ಅವಳು ಬಾಗಿಲು ಹಾಕಿ ಒಳಗೆ ಕೂತುಕೊಳ್ತಾಳೆ, ಅವನು ಹೊರಗೆ ನಿಂತು ಮಾತಾಡ್ತಾನೆ. ಸಂಬಳ ನಿಂತಿದೆ, ಆದ್ರೆ ಲೆಕ್ಕ ಕೇಳುವ ಹಕ್ಕು ನಿಲ್ಲಲಿಲ್ಲ. ಹೋಟೆಲಿನಲ್ಲಿ ಬಿಲ್ ಕೊಟ್ಟರೆ ಸಂಬಂಧ ಮುಗೀತು. ಮನೆಯಲ್ಲಿ ಲೆಕ್ಕ ನೋಡೋದು ಮುಗಿಸಲಿಕ್ಕಲ್ಲ, ಒಬ್ಬರೇ ಹೊರುತ್ತಿಲ್ಲ ತಾನೇ ಅಂತ ತಿಳಿಯಲಿಕ್ಕೆ.

ನಾನು ವೃತ್ತಿಯಿಂದ ಲೆಕ್ಕ ಕೊಡುವವನು. ಪ್ರತಿ ಶುಕ್ರವಾರ ಟೈಮ್‌ಶೀಟ್ ತುಂಬಬೇಕು, ಯಾವ ಪ್ರಾಜೆಕ್ಟಿಗೆ ಎಷ್ಟು ಗಂಟೆ ಅಂತ. ಕೆಲವೊಮ್ಮೆ ರೇಗ್ತದೆ, ಆದ್ರೆ ನನ್ನ ಒಂದು ಗಂಟೆ ಗಾಳಿಗೆ ಹೋಗುವುದಿಲ್ಲ ಅನ್ನೋ ಧೈರ್ಯವೂ ಅದರಿಂದಲೇ. ವಾರಾಂತ್ಯದಲ್ಲಿ ಹೆಚ್ಚಿಗೆ ಎರಡು ಗಂಟೆ ಕೂತು ಗೆಳೆಯನ ಬಗ್ ಸರಿಮಾಡಿ ಕೊಟ್ಟರೆ ಅವನು ಚಹಾ ಕೊಡಿಸ್ತಾನೆ. ಯಾಕಂದ್ರೆ ಆ ಎರಡು ಗಂಟೆ ನನ್ನದು ಅಂತ ಅವನಿಗೆ ಗೊತ್ತುಂಟು. ಎಲ್ಲ ಗಂಟೆಗಳೂ ಕಂಪನಿಯದ್ದೇ ಅಂತಾಗಿದ್ರೆ ಸ್ನೇಹಕ್ಕೆ ಅಂತ ಕೊಡಲಿಕ್ಕೆ ನನ್ನ ಹತ್ತಿರ ಎಂತ ಇರ್ತಿತ್ತು?

ಹಾಗಾಗಿ ನನಗೆ ಕಾಣುವುದು ಇಷ್ಟು. ಲೆಕ್ಕ ಬಿಡೋದು ದೊಡ್ಡ ಗುಣ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಬಿಡುವ ಹಕ್ಕು ಕೊಟ್ಟವರದ್ದು, ತಗೊಂಡವರದ್ದಲ್ಲ. ಸಾಲ ಕೊಟ್ಟವನು "ಇರಲಿ, ಬೇಡ" ಅಂದ್ರೆ ಔದಾರ್ಯ. ಸಾಲ ತಗೊಂಡವನು "ನಮ್ಮೊಳಗೆ ಲೆಕ್ಕ ಎಂತದ್ದು" ಅಂದ್ರೆ ಅದಕ್ಕೆ ಬೇರೆ ಹೆಸರುಂಟು. ಮನೆಯ ವಿಷಯಕ್ಕೆ ಬಂದಾಗ ಮಾತ್ರ ನಾವು ಈ ಎರಡನ್ನೂ ಒಂದೇ ಪ್ರೀತಿ ಅಂತ ಕರೀತೇವೆ.

"ನನಗೆ ಎಂತದ್ದೂ ಬೇಡ" ಅನ್ನೋದು ನಮ್ಮೂರ ಅಮ್ಮಂದಿರ ತಯಾರಿದ್ದ ಉತ್ತರ. ಹಬ್ಬಕ್ಕೆ ಸೀರೆ ಬೇಕಾ, ಬೇಡ. ಕಾಲುನೋವಿಗೆ ಡಾಕ್ಟರ್ ಹತ್ತಿರ ಹೋಗುವನಾ, ಬೇಡ. ಅವರ "ಬೇಡ" ನಿಜವೇ ಇರಬಹುದು. ಅದನ್ನ ಸುಳ್ಳು ಅಂತ ಹೇಳಲಿಕ್ಕೆ ನಾವ್ಯಾರು? ಆದ್ರೆ ಬೇಡ ಅನ್ನಲಿಕ್ಕಾದ್ರೂ ಮೊದಲು ಒಬ್ಬರು ಎದುರಿಗೆ ಇಟ್ಟು, ಇದು ನಿಮ್ಮದು, ಇಷ್ಟು ಉಂಟು, ಇನ್ನು ನಿಮ್ಮ ಇಷ್ಟ ಅಂತ ಹೇಳಬೇಕು. ಹಾಗೆ ಹೇಳಿದ ಮೇಲೂ ಅವರು ನಕ್ಕು ಡಬ್ಬಿಯನ್ನ ನಮ್ಮ ಕಡೆಗೇ ಸರಿಸಿದ್ರೆ, ಅದನ್ನ ಎರಡೂ ಕೈಯಲ್ಲಿ ತಗೊಳ್ಳುವ. ಆಗ ಅದು ಅವರು ಕೊಟ್ಟದ್ದು.